ಇಳಿಯದ ಡ್ರೋನು

ದೇವರಾಜುವಿನ ಡ್ರೋನು ಒಂದು ಬ್ಯಾಟರಿಗೆ ಇಪ್ಪತ್ತೇ ನಿಮಿಷ ಹಾರುತ್ತಿತ್ತು. ಅದನ್ನು ಕಂಡುಕೊಳ್ಳಲು ಮರಳವಾಡಿಯ ಮಂಗಗಳಿಗೆ ಒಂದು ಬ್ಯಾಟರಿ ಸಾಕಾಯಿತು.

ಹಾರೋಹಳ್ಳಿಯಲ್ಲಿ ಸ್ಟುಡಿಯೋ ಇಟ್ಟಿದ್ದ ದೇವರಾಜುವಿಗೆ ಮರುದಿನ ಕನಕಪುರದಲ್ಲಿ ಮದುವೆ ಶೂಟಿಂಗು. "ಡ್ರೋನ್ ಇಲ್ದಿದ್ರೆ ನೀನೂ ಬರ್ಬೇಡ" ಎಂದು ಹುಡುಗಿಯ ತಂದೆ ಅನಂತರಾಜು ಮೊದಲೇ ಹೇಳಿಬಿಟ್ಟಿದ್ದರು. ಇವತ್ತೊಂದು ದಿನ ಕಾಲು ಚಾಚಿ ಮಲಗೋಣ ಎಂದುಕೊಳ್ಳುವಷ್ಟರಲ್ಲಿ ಮರಳವಾಡಿಯಿಂದ ಸೋದರಮಾವ ಕರಿಯಪ್ಪನ ಫೋನು ಬಂತು. ಮಾವಿನ ತೋಪಿಗೆ ಮಂಗಗಳು ನುಗ್ಗಿವೆ, ಕಾಯಿ ಕೀಳಲು ಇನ್ನೂ ಎಂಟು ದಿನವಿದೆ, ಡ್ರೋನು ಹಾರಿಸಿ ಓಡಿಸಬೇಕು. ಸೋದರಮಾವನಿಗೆ ಇಲ್ಲ ಎನ್ನುವುದುಂಟೆ?

ಡ್ರೋನು ಗುಂಯ್ ಎಂದು ಎದ್ದೊಡನೆ ಮಂಗಗಳು ದಿಕ್ಕಾಪಾಲಾದವು. ಇಪ್ಪತ್ತು ನಿಮಿಷಕ್ಕೆ ಅದು ಇಳಿಯಿತು. ಮಂಗಗಳು ಮತ್ತೆ ಮರ ಹತ್ತಿದವು.

"ಯಾಕ್ಲಾ ಇಳಿಸ್ದೆ?" ಎಂದ ಕರಿಯಪ್ಪ.

"ಚಾರ್ಜ್ ಮುಗೀತು ಮಾವ."

"ಆ ಹದ್ದು ನೋಡ್ಲಾ, ಬೆಳಗ್ಗಿಂದ ಮ್ಯಾಲೇ ಐತೆ. ಅದುಕ್ಕೆ ಯಾರು ಚಾರ್ಜ್ ಆಕವ್ರೆ?"

ಬೇಲಿಯಾಚೆಯಿಂದ ಪಕ್ಕದ ತೋಪಿನ ನರಸಯ್ಯ ಬಾಯಿ ಹಾಕಿದ. "ಪಂಪ್‌ಸೆಟ್ಟಿಂದ ಉದ್ದಕ್ಕೆ ಒಂದು ವೈರ್ ಎಳ್ದುಬುಡು."

"ವೈರ್ ಭಾರಕ್ಕೆ ಅದು ಮೇಲೇಳಾಕಿಲ್ಲ ಕಣಣ್ಣ."

"ಹಂಗಾರೆ ಎಲ್ಡು ಬ್ಯಾಟ್ರಿ ಕಟ್ಟು."

"ಅದೂ ಭಾರವೇ."

"ನಿನ್ ಡ್ರೋನು ನಿನ್ನಂಗೇ ಕಣ್ಲಾ. ಒಸಿ ಕೆಲ್ಸಕ್ಕೇ ಸುಸ್ತಾಯ್ತದೆ!"

ಸುಸ್ತಾಗದೆ ಇನ್ನೇನು? ಆ ತಿಂಗಳಲ್ಲಿ ಹನ್ನೊಂದು ಮದುವೆ ಮುಗಿಸಿದ್ದ ಪ್ರಾಣಿ ಅದು, ಅದರ ಯಜಮಾನನೂ ಅಷ್ಟೇ. ಎರಡನೆಯ ಬ್ಯಾಟರಿ ಮುಗಿಯಿತು, ಮೂರನೆಯದೂ ಮುಗಿಯಿತು. ಚಾರ್ಜಿಗೆ ಹಾಕೋಣವೆಂದರೆ ಕರೆಂಟು ಹೋಗಿತ್ತು. ದೇವರಾಜು ಮರದಡಿ ಕೂತವನು ಹಾಗೇ ಒರಗಿ ನಿದ್ದೆಹೋದ.

ಎಚ್ಚರವಾದಾಗ ಸಂಜೆ ನಾಲ್ಕು. ತೋಪಿನಲ್ಲಿ ಒಂದು ಮಂಗವೂ ಇರಲಿಲ್ಲ. ಪಕ್ಕದಲ್ಲಿ ಡ್ರೋನೂ ಇರಲಿಲ್ಲ.

ತಲೆಯೆತ್ತಿ ನೋಡಿದ. ಎತ್ತರದ ಮರದ ನೆತ್ತಿಗೆ ಬಿದಿರು ಗಳ ಬಿಗಿದು, ಅದರ ತುದಿಗೆ ಡ್ರೋನನ್ನು ತೆಂಗಿನ ಹುರಿಯಲ್ಲಿ ಕಟ್ಟಿದ್ದರು. ಗಾಳಿಗೆ ಅದರ ರೆಕ್ಕೆಗಳು ತಿರುಗುತ್ತಿದ್ದವು, ಹೊಟ್ಟೆಯ ಮೇಲೆ ಕುಂಕುಮವಿತ್ತು.

"ಹಾರ್ದಿದ್ರೇನ್ಲಾ, ಮ್ಯಾಲಿದ್ರೆ ಸಾಲ್ದಾ?" ಎಂದಳು ಕರಿಯಪ್ಪನ ಹೆಂಡತಿ ಕೆಂಚಮ್ಮ.

"ಇಳ್ಸಿ ಅತ್ತೆ! ನಾಳೆ ಮದ್ವೆ ಐತೆ ನಂಗೆ!"

"ಕುಂಕುಮ ಇಕ್ಕಿ, ಕಾಯಿ ಒಡ್ದು ನಿಲ್ಸಿದ ಬೆರ್ಚಪ್ಪ ಅದು. ಫಸಲು ಕೀಳೋಗಂಟ ಇಳಿಸಂಗಿಲ್ಲ. ನಿಮ್ ತಾತನ್ ಕಾಲ್ದಿಂದ ಹಂಗೇ."

ಆ ಮನೆಯಲ್ಲಿ ಪೂಜೆ ಮಾಡಿ ನಿಲ್ಲಿಸಿದ ಬೆದರುಬೊಂಬೆಯನ್ನು ಯಾರೂ ಮುಟ್ಟುವಂತಿಲ್ಲ ಎಂಬುದು ದೇವರಾಜುವಿಗೂ ಗೊತ್ತಿತ್ತು. ಅವನಿಗೆ ಅಳು ಬಂತು. ಅದೇ ಹೊತ್ತಿಗೆ ಅನಂತರಾಜು ಫೋನು ಮಾಡಿದರು. ದೇವರಾಜು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಕರಿಯಪ್ಪನೇ ಫೋನು ಕಿತ್ತುಕೊಂಡು ಸ್ಪೀಕರ್ ಹಾಕಿದ.

"ಡ್ರೋನಾ? ಬಲೇ ಗಟ್ಟಿ ಮಾಲು ಸ್ವಾಮಿ! ಮಧ್ಯಾನ್ದಿಂದ ಮ್ಯಾಲೇ ಐತೆ, ಒಂದು ದಪಾನೂ ಇಳ್ದಿಲ್ಲ."

"ಹೌದಾ! ಹಂಗಾರೆ ನಾಳೆ ಧಾರೆಯಿಂದ ಊಟ ಮುಗಿಯೋಗಂಟ ಇಳಿಸ್ಲೇಬ್ಯಾಡ ಅನ್ನಿ. ನಮ್ ಬೀಗರು ಒಸಿ ನೋಡ್ಲಿ."

"ಆಗ್ಲಿ ಬುಡಿ. ನಮ್ಮುಡ್ಗ ಮಾತು ತಪ್ಪೋನಲ್ಲ" ಎಂದು ಕರಿಯಪ್ಪ ಮಾತು ಕೊಟ್ಟೇಬಿಟ್ಟ.

ದೇವರಾಜು ಅದೇ ಮರದಡಿ ಮತ್ತೆ ಮಲಗಿಕೊಂಡ.