ಹಿತ್ತಾಳೆ ಡಬ್ಬಿಯ ಮೇಲಿನ ಹೆಸರು

ಖರ್ರ್... ಭಟ್ಟಿಯ ಬಾಯಿಂದ ಕಬ್ಬಿಣದ ತಟ್ಟೆ ಹೊರಬಂದ ಸದ್ದಿಗೆ ಶಾಂತಲಿಂಗಪ್ಪ ಹನ್ನೊಂದನೆಯ ಸಲ ಬೆಂಚಿನಿಂದ ಎದ್ದ. ಹನ್ನೊಂದನೆಯ ಸಲವೂ ಬೇರೆಯವರ ಹೆಸರು.

ದೀಪಾವಳಿಯ ಮುನ್ನಾದಿನ. ಸೊಲ್ಲಾಪುರದ ಅರ್ಧ ಊರು ತನ್ನ ತುಪ್ಪ, ಹಿಟ್ಟು, ಸಕ್ಕರೆ ಹೊತ್ತು ಬೇಕರಿಗೆ ಬಂದು ನಾನಖಟಾಯಿ ಸುಡಿಸಿಕೊಂಡು ಒಯ್ಯುವ ಹೊತ್ತು. ಶಾಂತಲಿಂಗಪ್ಪ ನವಿ ಪೇಠದಲ್ಲಿ ಬಟ್ಟೆ ಅಳೆಯುವವನು. ತನ್ನ ಮನೆಯ ಒಲೆ ಯಾವ ಮೂಲೆಗಿದೆ ಎಂದು ಹುಡುಕಬೇಕಾದವನು. ಆದರೂ ಹೊಸ ಸೊಸೆ ಸ್ನೇಹಲಳ ತಾಯಿ ಪಾರ್ವತಿಬಾಯಿ ಅಕ್ಕಲಕೋಟದಿಂದ ಮೊದಲ ಸಲ ಹಬ್ಬದ ತಿಂಡಿಯ ಫರಾಳಕ್ಕೆ ಬರುತ್ತಾರೆಂದು ತಿಳಿದು, "ನಾನಖಟಾಯಿ ನನ್ನ ಕಡೆ ಬಿಡ್ರಿ ಬೀಗತಿಯವರ. ತಿಂದ ಮ್ಯಾಲ ಮಾತಾಡೂಣು" ಎಂದು ಫೋನಿನಲ್ಲಿ ಘೋಷಿಸಿಬಿಟ್ಟಿದ್ದ. (ಇಂಥ ಘೋಷಣೆಗಳನ್ನು ಅವನು ಹೆಂಡತಿಯನ್ನು ಕೇಳದೆಯೇ ಮಾಡುತ್ತಾನೆ.)

ಬೆಳಿಗ್ಗೆ ಅವನು ಹಿಟ್ಟು-ತುಪ್ಪದ ಜೊತೆ ಮನೆಯ ಹಿತ್ತಾಳೆ ಡಬ್ಬಿ ಇಳಿಸಿದಾಗ ಬೇಕರಿಯ ಧನರಾಜ ಚೀಟಿ ಮುಂದೆ ಚಾಚಿದ್ದ. "ಸೇಠ, ಹೆಸರು ಬರೀರಿ."

"ನವಿ ಪೇಠದಾಗ ನನ್ನ ಹೆಸರು ಬರದು ತೋರಸಬೇಕೇನೋ?"

ಧನರಾಜ ಹೊಸಬ. ಡಬ್ಬಿಯನ್ನೊಮ್ಮೆ ಹೊರಳಿಸಿ ನೋಡಿ ಚೀಟಿ ಮಡಚಿಟ್ಟುಕೊಂಡ.

ಈಗ ಅವನೇ ಕೂಗುತ್ತಿದ್ದ: "ಧರೆಪ್ಪಾ ಬೋರಾಮಣಿ! ಯಾರ್ರೀ ಧರೆಪ್ಪಾ?"

ಶಾಂತಲಿಂಗಪ್ಪ ಬೆರಗಾದ. ಬೋರಾಮಣಿಯ ಧರೆಪ್ಪ ಅವನ ಅಂಗಡಿಯ ಹಳೆಯ ಗಿರಾಕಿ, ಕುರಿ ಸಾಕುವವನು. ಅವನೂ ನಾನಖಟಾಯಿ ಸುಡಿಸುವಂತಾದನೇ! ಕಾಲ ಎಲ್ಲಿಗೆ ಬಂತು! ಹತ್ತಿರ ಹೋಗಿ ನೋಡಿದರೆ ತಟ್ಟೆಯ ತುಂಬ ಹುಣ್ಣಿಮೆ ಚಂದ್ರರು, ಒಬ್ಬೊಬ್ಬನ ನೆತ್ತಿಯ ಮೇಲೂ ಒಂದೊಂದು ನಗುವಿನ ಬಿರುಕು. ಏಲಕ್ಕಿಯ ಪರಿಮಳಕ್ಕೆ ಅವನ ಕಣ್ಣುಗಳು ತಾವಾಗಿಯೇ ಮುಚ್ಚಿದವು. 'ನನ್ನವು ಇಷ್ಟು ಚಂದ ಆಗ್ತಾವೋ ಇಲ್ಲೋ' ಎಂದು ಸಣ್ಣ ಹೊಟ್ಟೆಕಿಚ್ಚೂ ಆಯಿತು.

ಅಷ್ಟರಲ್ಲಿ ಬೀದಿಯಲ್ಲಿ ಸಾಕ್ಷಾತ್ ಧರೆಪ್ಪನೇ, ಹೆಗಲಿಗೆ ಕಂಬಳಿ ಹಾಕಿಕೊಂಡು ಹೊರಟಿದ್ದ.

"ಏ ಧರೆಪ್ಪಾ! ಎಲ್ಲಿ ಹೊಂಟಿ? ಆಗಳಿಂದ ನಿನ್ನ ಹೆಸರು ಕೂಗಾಕತ್ಯಾರ!"

"ನನ್ನ ಹೆಸರಾ ಸಾವಕಾರ್ರ? ನಾ ಏನೂ..."

"ಡಬ್ಬಿ ಮ್ಯಾಲ ಕೊರದೈತಲ್ಲೋ, ಹಿಡಿ!" ಎಂದು, ಧನರಾಜ ನಾನಖಟಾಯಿ ತುಂಬಿಟ್ಟ ಹಿತ್ತಾಳೆ ಡಬ್ಬಿಯನ್ನು ತಾನೇ ಅವನ ಕೈಗಿಟ್ಟ. ಹಬ್ಬಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ಡಬ್ಬಿಗಳೆಲ್ಲ ಒಂದೇ ತಾಯಿಯ ಮಕ್ಕಳಂತಿರುತ್ತವೆ. ಧರೆಪ್ಪ ಕೊರೆದ ಹೆಸರಿನ ಮೇಲೆ ಬೆರಳಾಡಿಸಿದ. ಡಬ್ಬಿಯನ್ನು ಕಣ್ಣಿಗೊತ್ತಿಕೊಂಡು ಹೋದ.

ಸಂಜೆ ಭಟ್ಟಿ ಆರಿತು. ಡಬ್ಬಿಗಳೆಲ್ಲ ಮನೆ ಸೇರಿದವು. ಶಾಂತಲಿಂಗಪ್ಪ ಬರಿಗೈಯಲ್ಲಿ ಮನೆ ಹೊಕ್ಕು, ಹೊಸ್ತಿಲಲ್ಲೇ ನಿಂತುಬಿಟ್ಟ.

ಇದು ತನ್ನ ಮನೆಯೇ? ಮೂವತ್ನಾಲ್ಕು ವರ್ಷ ಅಟ್ಟದಲ್ಲಿ ಮಲಗಿದ್ದ ಲಗ್ನದಲ್ಲಿ ಉಡುಗೊರೆ ಬಂದ ಆಹೇರಿನ ಪಾತ್ರೆಗಳನ್ನೆಲ್ಲ ಸ್ನೇಹಲ ಕೆಳಗಿಳಿಸಿ ಮೇಜಿನ ಮೇಲೆ ಜೋಡಿಸಿದ್ದಳು. ಕಂಚಿನ ಗಂಗಾಳಗಳಲ್ಲಿ ಚಕ್ಕಲಿ, ಹಿತ್ತಾಳೆ ಪರಾತದಲ್ಲಿ ಕರಚೀಕಾಯಿ, ನಡುವೆ ಹಣತೆಗಳು. ದೀಪದ ಬೆಳಕು ಪಾತ್ರೆಯಿಂದ ಪಾತ್ರೆಗೆ ಹರಿದು ಮೇಜೇ ಉಸಿರಾಡುತ್ತಿರುವಂತಿತ್ತು.

"ಎಲ್ಲಾ ವಿಂಟೇಜ್, ಮಮ್ಮೀ!" ಎಂದಳು ಸ್ನೇಹಲ ತಾಯಿಗೆ. "ಪ್ರತಿಯೊಂದರ ಮ್ಯಾಲೂ ಹೆಸರು ಐತಿ, ನೋಡ!"

ಪಾರ್ವತಿಬಾಯಿ ಗಂಗಾಳ ಹೊರಳಿಸಿ ಓದಿದರು. "ರಾಚಪ್ಪ, ನೀಲೂರ... ಅಯ್ಯ, ಕೊಟ್ಟವರೆಲ್ಲಾ ಇಲ್ಲೇ ಕುಂತಂಗ ಅದಾರ! ಅಂದಂಗ ಬೀಗರ, ನಾನಖಟಾಯಿ?"

"ನನ್ನ ಹೆಸರು ಕರೀಲೇ ಇಲ್ರಿ," ಎನ್ನುತ್ತ ಶಾಂತಲಿಂಗಪ್ಪ ಮೇಜಿನ ಮುಂದೆ ಕೂತ.

ಹೆಂಡತಿ ಲೀಲಾಬಾಯಿ ನಿಧಾನಕ್ಕೆ ತಲೆ ಎತ್ತಿದಳು. "ಹೆಂಗ ಕರೀತಾರ? ನಿಮ್ಮ ಹೆಸರಿನ ಒಂದು ಚಮಚಾನೂ ಈ ಮನ್ಯಾಗಿಲ್ಲ. ನೀವು ಬೇಕರಿಗೆ ಒಯ್ದ ಡಬ್ಬಿ ಬೋರಾಮಣಿ ಧರೆಪ್ಪನ ಅವ್ವ ಆಹೇರ ಮಾಡಿದ್ದು. ಮಗನ ಹೆಸರು ಹಾಕಿಸಿದ್ಲು."

ಶಾಂತಲಿಂಗಪ್ಪನಿಗೆ ಬೆಂಚು, ತಟ್ಟೆ, ನಗುವ ಹುಣ್ಣಿಮೆ ಚಂದ್ರರು ಎಲ್ಲ ಒಟ್ಟಿಗೆ ಕಣ್ಮುಂದೆ ಬಂದವು. ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಧರೆಪ್ಪನೇ ನಿಂತಿದ್ದ. ಎದೆಗೆ ಅವಚಿದ ಡಬ್ಬಿ.

"ಬಸ್ ಹತ್ತಾಕ ಮನಸಾಗ್ಲಿಲ್ಲರೀ ಅಕ್ಕಾರ. ಸಾವಕಾರ್ರು ಓಣಿ ಮಂದಿ ಮುಂದ ಕರದು ಕೈಯಾಗಿಟ್ರು. ನಮ್ಮವ್ವಗ ಇಂಥಾ ಡಬ್ಬಿ ಅಂದ್ರ ಜೀವಾಗಿತ್ತು. ಆಕಿ ಇರಬೇಕಿತ್ತು." ಅವನು ಕಣ್ಣೊರೆಸಿಕೊಂಡು, ಪ್ರತಿ ಗಂಗಾಳಕ್ಕೂ ಒಂದೊಂದು ನಾನಖಟಾಯಿ ಇಟ್ಟ.

ಲೀಲಾಬಾಯಿ ಡಬ್ಬಿಯನ್ನೊಮ್ಮೆ ಸವರಿದಳು. ಏನೋ ಹೇಳಲು ಹೊರಟ ಗಂಡನ ಕಾಲನ್ನು ಮೇಜಿನ ಕೆಳಗೆ ಒತ್ತಿ, "ಛಲೋ ಆತು ತಮ್ಮಾ, ಸೇರಬೇಕಾದ ಮನೀಗೇ ಸೇರೇತಿ" ಎಂದಳು.

ಪಾರ್ವತಿಬಾಯಿ ಒಂದು ತುಣುಕು ಬಾಯಿಗಿಟ್ಟರು. ಅದು ನಾಲಿಗೆಯ ಮೇಲೆ ಕರಗಿತು.

"ಬೀಗರ, ಏನ್ ದೊಡ್ಡ ಮನಸ್ರಿ ನಿಮ್ದು! ನಮಗ ಅಂತ ಮಾಡಿಸಿದ್ದರ ಇಷ್ಟು ಚಂದ ಆಗ್ತಿದ್ವೋ ಇಲ್ಲೋ!"

"ಕೊಟ್ಟವರು ತಮ್ಮ ಹೆಸರು ಕೊರಸ್ತಾರ್ರೀ ಬಾಯಾರ," ಎಂದ ಧರೆಪ್ಪ. "ತಗೊಳ್ಳಾವನ ಹೆಸರು ಕೊರಸಿ ಕೊಡೋ ಮನಷ್ಯಾನ್ನ ನಾ ಇವತ್ತೇ ನೋಡಿದ್ದು!"

"ಖರೇನ!" ಪಾರ್ವತಿಬಾಯಿ ಬೆರಗಿನಿಂದ ಮುಂದಕ್ಕೆ ಬಾಗಿದರು. "ನಿಮಗ ಇದು ಹೆಂಗ ಹೊಳೀತರಿ, ಬೀಗರ? ಹೇಳ್ರಲ್ಲ, ಮೊದಲ..."

ಶಾಂತಲಿಂಗಪ್ಪ ಗಂಗಾಳದಲ್ಲಿದ್ದ ತನ್ನ ಪಾಲಿನ ಒಂದೇ ಒಂದು ನಾನಖಟಾಯಿಯನ್ನು ಎತ್ತಿಕೊಂಡು ಎದ್ದ. ಚಪ್ಪಲಿ ಮೆಟ್ಟಿದ. ಬೀಗತಿಯ ಪ್ರಶ್ನೆ ಇನ್ನೂ ಮುಗಿದಿರಲಿಲ್ಲ. ಅವನು ಆಗಲೇ ಅಂಗಳ ದಾಟಿದ್ದ.