ಗ್ರೇಟರ್ ನೋಯ್ಡಾದ ಹಡಗಿನಲ್ಲಿ ಕಿಟಕಿ ಪಕ್ಕದ ಮೇಜು

ಜನರನ್ನು ಊಟಕ್ಕೆ ಕೂರಿಸುವುದು ಸುಲಭವೆಂದು ತಿಳಿದವರು ಒಂದು ಭಾನುವಾರ ನಮ್ಮ ಹಡಗಿನ ಬಾಗಿಲಲ್ಲಿ ನಿಲ್ಲಬೇಕು. ಇಲ್ಲಿ ನಗೆಯ ಪ್ರಸಂಗವೊಂದು ಮುಗಿಯುವ ಮೊದಲೇ ಮತ್ತೊಂದು ಸಾಲಿನಲ್ಲಿ ಬಂದು ನಿಂತಿರುತ್ತದೆ.

ಹಡಗು ಎಂದೆನಲ್ಲ, ಅದು ತೇಲುವ ಹಡಗಲ್ಲ. ದಿಲ್ಲಿಗೆ ಅಂಟಿಕೊಂಡ ಗ್ರೇಟರ್ ನೋಯ್ಡಾದ ಅಗಲವಾದ ರಸ್ತೆಯೊಂದರ ಬದಿಯಲ್ಲಿ ಕಾಂಕ್ರೀಟಿನಿಂದ ಕಟ್ಟಿ, ನೀಲಿ-ಬಿಳಿ ಬಣ್ಣ ಬಳಿದ ರೆಸ್ಟೋರೆಂಟು. ಮೊದಲು ಅಲ್ಲಿ ನೂಡಲ್ಸ್ ಮಾರುತ್ತಿದ್ದವರು ಪ್ರವಾಸಿ ಹಡಗಿನ ಭೋಜನಶಾಲೆಯ ಮಾದರಿಯಲ್ಲಿ ಅದನ್ನು ಕಟ್ಟಿಸಿದ್ದರು: ಕೆಳಗೊಂದು ಡೆಕ್, ಮೇಲೊಂದು ಡೆಕ್, ದುಂಡು ಕಿಟಕಿಗಳು, ಕೈತೊಳೆಯುವ ಬೇಸಿನ್ನಿನ ಪಕ್ಕದಲ್ಲಿ ಚುಕ್ಕಾಣಿ. ಅವರು ಬಿಟ್ಟುಹೋದ ಮೇಲೆ ಉಡುಪಿ ಕಡೆಯವರಾದ ನನ್ನ ಸೋದರಮಾವ ಅದನ್ನು ಬಾಡಿಗೆಗೆ ಹಿಡಿದರು. "ಒಡೆಯುವುದು ಯಾಕೆ? ಹಡಗಿನಲ್ಲಿ ಇಡ್ಲಿ ಬೇಯುವುದಿಲ್ವಾ?" ಎಂಬುದು ಅವರ ವಾದ. ಕನ್ನಡ ಎಂ.ಎ. ಮುಗಿಸಿ ಸಂಶೋಧನೆಯ ಸೀಟಿಗಾಗಿ ಕಾಯುತ್ತಿದ್ದ ನನ್ನನ್ನು, ಬಂದವರಿಗೆ ಮೇಜು ತೋರಿಸಲು ಬಾಗಿಲಲ್ಲಿ ನಿಲ್ಲಿಸಿದರು.

ಅವರು ಕೊಟ್ಟ ತರಬೇತಿ ಇಷ್ಟೇ. "ಯಾರು ಬಂದು ‘ನಾನು ಓನರ್ ಕಡೆಯವನು’ ಅಂದರೂ, ‘ಎಲ್ಲರೂ ಹಾಗೇ ಹೇಳ್ತಾರೆ, ಸಾಲಿನಲ್ಲಿ ಬನ್ನಿ’ ಅನ್ನು. ಬೇರೆ ವಿದ್ಯೆ ಬೇಡ."

ನನಗೋ ಬೇರೆಯದೇ ಹಂಬಲವಿತ್ತು. ಭಾನುವಾರ ಕಿಟಕಿ ಪಕ್ಕದ ಉದ್ದನೆಯ ಮೇಜನ್ನು ಕನ್ನಡ ಮಾತಾಡುವವರಿಗೆಂದೇ ಮೀಸಲಿಡಬೇಕು. ದಿಲ್ಲಿಯಲ್ಲಿ ಬೆಳೆದು ಕನ್ನಡ ಅರ್ಥವಾದರೂ ಹಿಂದಿಯಲ್ಲಿ ಉತ್ತರಿಸುವ ನಮ್ಮ ಮಕ್ಕಳು ಅಲ್ಲಿ ಕುಳಿತು ನಾಲ್ಕು ಮಾತು ಆಡಬೇಕು, ಮುಂದೆ ಸಾಹಿತ್ಯದ ಚರ್ಚೆಯೂ ನಡೆಯಬೇಕು. ಮಾವ ಕೇಳಿದರು: "ಖಾಲಿ ಕುರ್ಚಿಗಳ ಮುಂದೆ ನೀನು ಪದ್ಯ ಓದ್ತೀಯಾ ಮಾರಾಯ?"

ಅಭ್ಯಾಸಬಲ

ಹಡಗಿಗೆ ಬರುವವರು ಮೊದಲು ಕೇಳುವುದು ಸಮುದ್ರದ ಬದಿಯ ಮೇಜನ್ನು. ಕಿಟಕಿಯಾಚೆ ಕಾಣುವುದು ಅರ್ಧ ಕಟ್ಟಿದ ಫ್ಲ್ಯಾಟುಗಳು ಮತ್ತು ಒಂದು ಕ್ರೇನ್ ಎಂದು ನಾನು ಪ್ರಾಮಾಣಿಕವಾಗಿ ತಿಳಿಸುತ್ತೇನೆ. "ಪತಾ ಹೈ ಭಯ್ಯಾ, ಫಿರ್ ಭೀ," ಎನ್ನುತ್ತಾರೆ. ಗೊತ್ತಂತೆ, ಆದರೂ ಅದೇ ಬೇಕಂತೆ.

ಒಬ್ಬ ಮಹನೀಯರು ಮಾತ್ರ ನಟ್ಟನಡುವಿನ ಮೇಜನ್ನೇ ಬಯಸಿದರು. ಅಂಚಿನಲ್ಲಿ ಓಲಾಟ ಹೆಚ್ಚಂತೆ, ಪತ್ನಿಗೆ ವಾಂತಿ ಬರುವಂತಾಗುತ್ತದಂತೆ. ಈ ಕಟ್ಟಡಕ್ಕೆ ಅಡಿಪಾಯವಿದೆ, ಇದು ಅಲುಗುವ ಸಂಭವವೇ ಇಲ್ಲ ಎಂದು ನಾನು ವಿನಯದಿಂದ ವಿವರಿಸಿದೆ. ಅವರು ನನ್ನನ್ನು ಕನಿಕರದಿಂದ ನೋಡಿ ಹಿಂದಿಯಲ್ಲಿ ಕೇಳಿದರು:

"ನೀವು ದಿನವಿಡೀ ಇದರಲ್ಲೇ ಇರ್ತೀರಾ?"

"ಹೌದು."

"ಅದಕ್ಕೇ ನಿಮಗೆ ಗೊತ್ತಾಗ್ತಾ ಇಲ್ಲ."

ಮೇಲಧಿಕಾರಿ

ದಿಲ್ಲಿಯ ದ್ವಾರಕಾ ಬಡಾವಣೆಯಿಂದ ಒಬ್ಬ ನಿವೃತ್ತ ಅಧಿಕಾರಿಗಳು ಪತ್ನಿಸಮೇತರಾಗಿ ಬಂದರು. ದಂಪತಿಗಳ ನಡುವಿನ ಮಾತು ಅಚ್ಚ ಕನ್ನಡ, ನನ್ನ ಕಡೆ ತಿರುಗಿದೊಡನೆ, "ಭಯ್ಯಾ, ನೀಚೇ ಹೀ ದೇನಾ, ಘುಟನೇ ಮೇಂ ದರ್ದ್ ಹೈ." ಮೊಣಕಾಲು ನೋವೆಂದರೆ ಕೆಳಗಿನ ಡೆಕ್ಕೇ ಒಳ್ಳೆಯದು, ಬನ್ನಿ ಸಾರ್ ಎಂದು ನಾನು ಕನ್ನಡದಲ್ಲಿ ಹೇಳಿದೆ. "ಠೀಕ್ ಹೈ ಭಯ್ಯಾ," ಎಂದರು. ಬಾಗಿಲಲ್ಲಿ ನಿಂತವನು ಯಾವ ಭಾಷೆಯಲ್ಲಿ ಮಾತಾಡಿದರೂ ಭಯ್ಯಾನೇ.

ಇಡ್ಲಿ ಬಂದಿತ್ತಷ್ಟೆ. ಅವರ ಕೈಕೆಳಗೆ ದುಡಿದು ನಿವೃತ್ತರಾದವರೊಬ್ಬರು ಸಂಸಾರದೊಡನೆ ಮೆಟ್ಟಿಲೇರಿ ಮೇಲಿನ ಡೆಕ್ಕಿಗೆ ಹೋಗುವುದನ್ನು ಅಧಿಕಾರಿಗಳು ಕಂಡರು.

"ಇವನು ನನ್ನ ಸೆಕ್ಷನ್‌ನಲ್ಲಿದ್ದವನು. ಅವನು ಮೇಲೆ, ನಾನು ಕೆಳಗಾ?"

ಕಂಬಿ ಹಿಡಿದು, ಮೆಟ್ಟಿಲಿಗೊಮ್ಮೆ "ಅಮ್ಮಾ" ಎನ್ನುತ್ತ ಅವರು ಹತ್ತಿದರು. ಸಾಂಬಾರಿನ ಬಟ್ಟಲು ಹಿಡಿದು ಪತ್ನಿ ಹಿಂಬಾಲಿಸಿದರು. ಅಷ್ಟರಲ್ಲಿ ಸಾಹೇಬರು ಕೆಳಗಿದ್ದಾರೆಂಬ ಸುದ್ದಿ ಮೇಲಿನವರಿಗೆ ಮುಟ್ಟಿ, ಅವರು ಗಾಬರಿಯಿಂದ ಇನ್ನೊಂದು ಬದಿಯ ಮೆಟ್ಟಿಲಿನಿಂದ ಇಳಿದುಬಿಟ್ಟಿದ್ದರು. ಅಧಿಕಾರಿಗಳು ಮೇಲಿನಿಂದ ಬಗ್ಗಿ ನೋಡಿದರು.

"ಏನಯ್ಯಾ, ಅಲ್ಲೇನು ಮಾಡ್ತಿದ್ದೀಯ?"

"ನೀವು ಕೆಳಗಿರುವಾಗ ನಾನು ಮೇಲೆ ಹೇಗೆ ಕೂರಲಿ ಸಾರ್?"

"ಸರಿ, ಈಗ ನಾನು ಮೇಲಿದ್ದೀನಿ, ನೀನು ಬಾ."

"ನಿಮ್ಮ ಸರಿಸಮಕ್ಕಾ ಸಾರ್? ಛೆ ಛೆ."

ಆಗ ಪತ್ನಿ ಸಾಂಬಾರನ್ನು ಮೆಟ್ಟಿಲ ಮೇಲೆಯೇ ಇಟ್ಟು ನುಡಿದರು: "ಇಬ್ಬರೂ ರಿಟೈರ್ ಆಗಿದ್ದೀರಿ. ಇನ್ನೊಂದು ಸಲ ರಿಟೈರ್‌ಮೆಂಟ್ ಆರ್ಡರ್ ತರಿಸಿ ಕೊಡಬೇಕಾ?"

ಗಿರಾಕಿ ಮಾವ

ಮದುವೆಯ ವಾರ್ಷಿಕ ದಿನದಂದು ಅತ್ತೆ ಹಟ ಹಿಡಿದರು: "ಇಷ್ಟು ವರ್ಷ ಊರಿಗೆಲ್ಲ ಊಟ ಹಾಕಿದ್ದಾಯಿತು. ಇವತ್ತು ನಾವೂ ಮೇಜಿನಲ್ಲಿ ಕೂತು ತಿನ್ನುವ." ನಾನು ಅವರಿಬ್ಬರನ್ನೂ ಕಿಟಕಿ ಪಕ್ಕ ಕೂರಿಸಿದೆ.

ಹೋಟೆಲಿನಲ್ಲಿ ಕೂತು ಉಂಡು ಮಾವನಿಗೆ ಅಭ್ಯಾಸವಿಲ್ಲ; ಅವರ ಊಟವೇನಿದ್ದರೂ ಅಡುಗೆಮನೆಯ ಬಾಗಿಲಲ್ಲಿ, ನಿಂತೇ. ಕುಳಿತವರು ಪಕ್ಕದ ಮೇಜು ಒರೆಸಿದ್ದು ಸಾಲದೆಂದು ಸಪ್ಲೈಯರನ್ನು ಕರೆದರು, ಎದ್ದುಹೋಗಿ ಫ್ಯಾನು ಹಾಕಿ ಬಂದರು, ಅತ್ತೆ ದೋಸೆಯ ಮೊದಲ ತುಂಡು ಮುರಿಯುವಷ್ಟರಲ್ಲಿ ತಮ್ಮದನ್ನು ಮುಗಿಸಿ ಬಾಗಿಲ ಸಾಲನ್ನೇ ನೋಡತೊಡಗಿದರು. ಕೊನೆಗೆ ತಾಳಲಾರದೆ ಪಿಸುಗುಟ್ಟಿದರು:

"ಬೇಗ ಮುಗಿಸು ಮಾರಾಯ್ತಿ, ಜನ ಕಾಯ್ತಿದ್ದಾರೆ."

ಅತ್ತೆ ಸಾವಧಾನವಾಗಿ ಸಪ್ಲೈಯರನ್ನು ಕರೆದರು. "ನನಗೊಂದು ಕಾಫಿ ತಾ. ಮತ್ತೆ, ಮೇಜು ಅಂದ್ರೆ ಕೂತು ಮಾತಾಡ್ಲಿಕ್ಕೆ ಅಂತ ಗೊತ್ತಿರುವುದು ಈ ಹಡಗಿನಲ್ಲಿ ಆ ಹುಡುಗನೊಬ್ಬನಿಗೇ. ಭಾನುವಾರ ಇದು ಅವನ ಮೇಜು. ಆಗುವುದಿಲ್ಲ ಅನ್ನುವ ಗಿರಾಕಿ ಹೊರಗೆ ಸಾಲಿನಲ್ಲಿ ನಿಲ್ಲಲಿ."

ಪರೀಕ್ಷೆಯ ಭಯ

ಹೀಗೆ ಮೇಜು ನನ್ನದಾಯಿತು. ಮಾವ ಷರತ್ತು ಹಾಕಿದರು: "ಎರಡು ಭಾನುವಾರ. ಎರಡನೆಯದೂ ಖಾಲಿ ಹೋದರೆ ಮೇಜು ವಾಪಸ್ಸು." ನಾನು ಫಲಕ ಬರೆದೆ: ‘ಇಲ್ಲಿ ಕುಳಿತಿರುವಷ್ಟು ಹೊತ್ತು ಕನ್ನಡದಲ್ಲಿ ಸಂಭಾಷಿಸುವವರಿಗೆ, ಸಾಲಿನಲ್ಲಿ ಕಾಯಿಸದೆ, ಆದರದ ಸ್ವಾಗತ.’

ಮೊದಲ ಭಾನುವಾರ ನಮ್ಮವರು ಬಂದರು, ಫಲಕ ಓದಿದರು, ಮೆಚ್ಚಿದರು, ಬೇರೆ ಮೇಜಿನಲ್ಲಿ ಕುಳಿತರು. "ಮನೆಯಲ್ಲಿ ಹೇಗೂ ಆಡ್ತೀವಲ್ಲ, ಇಲ್ಲಿ ಆರಾಮಾಗಿ ಕೂರೋಣ ಅಂತ," ಎಂದರೊಬ್ಬರು. ಒಬ್ಬ ತಾಯಿ ಮಗಳನ್ನು ಆ ಕಡೆ ಕರೆದೊಯ್ಯಲು ಹೊರಟರೆ ಅವಳು ಸೆರಗು ಹಿಡಿದು ಎಳೆದಳು: "ನಹೀಂ ಮಮ್ಮಾ, ವಹಾಂ ಟೆಸ್ಟ್ ಲೇಂಗೇ!"

ಮೇಜು ಖಾಲಿಯೇ ಉಳಿಯಿತು. ಗಲ್ಲಾದಿಂದ ಮಾವ ನನ್ನನ್ನಲ್ಲ, ಆ ಕುರ್ಚಿಗಳನ್ನು ನೋಡುತ್ತಿದ್ದರು. ಅದು ಇನ್ನೂ ಕಷ್ಟ. ಪ್ರತಿ ಭಾನುವಾರವೂ ಸಾಲಿನಲ್ಲಿ ನಿಂತು ನಿಂತು ಬೇಸತ್ತಿದ್ದ ಘಾಜಿಯಾಬಾದಿನ ಪಂಜಾಬಿ ಆಂಟಿಯೊಬ್ಬರು, ಅಷ್ಟು ದೊಡ್ಡ ಮೇಜು ಯಾಕೆ ಖಾಲಿ ಎಂದು ವಿಚಾರಿಸಿದರು. ನಾನು ಕನ್ನಡದ ಮಹತ್ವವನ್ನೂ ಮೇಜಿನ ಉದ್ದೇಶವನ್ನೂ ಹಿಂದಿಯಲ್ಲಿ ನಿರೂಪಿಸಿದೆ. ಅವರು ತರಕಾರಿ ಕೊಳ್ಳುವವರ ಗಂಭೀರತೆಯಿಂದ ಹಿಂದಿಯಲ್ಲೇ ಕೇಳಿದರು:

"ಅಚ್ಛಾ. ಎಷ್ಟು ಕನ್ನಡ ಆಡಬೇಕಾಗುತ್ತೆ?"

ನೀರು ಬಂತಾ?

ಎರಡನೆಯ ಭಾನುವಾರ ಬಾಗಿಲು ತೆರೆದೊಡನೆ ಆಂಟಿ ಪ್ರತ್ಯಕ್ಷರಾದರು, ಗೆಳತಿಯರ ಪೂರ್ಣ ತಂಡದೊಂದಿಗೆ. ನೇರ ನನ್ನ ಮುಂದೆ ನಿಂತು ಕೈಮುಗಿದರು.

"ನಮಸ್ಕಾರ. ನೀರು ಬಂತಾ?"

ನಾನು ಬೆರಗಾದೆ. ಅವರ ಕೆಳಗಿನ ಫ್ಲ್ಯಾಟಿನಲ್ಲಿ ಒಂದು ಕನ್ನಡ ಕುಟುಂಬವಿದೆಯಂತೆ; ವಾರವಿಡೀ ಆ ಮನೆಯಾಕೆಯಿಂದ ಇಡೀ ತಂಡಕ್ಕೆ, ಆಕೆಯ ದಿನನಿತ್ಯದ ಮಾತುಗಳಲ್ಲೇ, ಪಾಠವಾಗಿದೆ. ನಿಯಮ ನಿಯಮವೇ. ನಾನು ಅವರನ್ನು ಕಿಟಕಿ ಪಕ್ಕ ಕೂರಿಸಿದೆ. ನಾನು ಕನಸು ಕಂಡಿದ್ದ ಕನ್ನಡದ ಸಂವಾದ ಆ ಮೇಜಿನ ಸುತ್ತ ಹೀಗೆ ಆರಂಭವಾಯಿತು:

"ನೀರು ಬಂತಾ?"

"ಇನ್ನೂ ಇಲ್ಲ."

"ಮೋಟರ್ ಹಾಕಿ."

"ಹಾಕಿದೆ. ಟ್ಯಾಂಕ್ ತುಂಬಿತು."

"ಅಯ್ಯೋ, ಹಾಲು ಉಕ್ಕಿತು!"

ಮಸಾಲೆದೋಸೆ ಬರುವವರೆಗೆ ಟ್ಯಾಂಕು ಅನೇಕ ಸಲ ತುಂಬಿತು. ಇವರಿಗೆ ಸಾಲಿಲ್ಲದೆ ಜಾಗ ದೊರೆತದ್ದನ್ನು ಕಂಡ ಉಳಿದವರು ಸುಮ್ಮನಿರುತ್ತಾರೆಯೆ? ಸಾಲಿನಲ್ಲೆಲ್ಲ ‘ನೀರು ಬಂತಾ’ ಹಬ್ಬಿತು. ಟೆಸ್ಟಿಗೆ ಹೆದರಿದ್ದ ಹುಡುಗಿ ಇದನ್ನು ಕೇಳಿ ನಗು ತಡೆಯಲಾರದೆ ತಾನೇ ಬಂದು ಅಲ್ಲಿ ಕುಳಿತಳು. "ಹಾಗಲ್ಲ ಆಂಟಿ, ‘ಇನ್ನೂ ಬಂದಿಲ್ಲ’ ಅನ್ನಿ," ಎಂದು ತಿದ್ದಿದಳು, ಕನ್ನಡದಲ್ಲಿ! ಅವಳ ತಾಯಿ ನನ್ನ ಕೈ ಹಿಡಿದುಕೊಂಡರು. ಮಾವ ಗಲ್ಲಾ ಬಿಟ್ಟು ಬಂದು, ತಾವೇ ಎರಡು ಕುರ್ಚಿ ಎಳೆದು ಹಾಕಿ, "ಪಕ್ಕದ ಮೇಜನ್ನೂ ಇದಕ್ಕೆ ಸೇರಿಸು ಮಾರಾಯ. ಇದು ಇರಲಿ," ಎಂದರು.

ಆ ಹೊತ್ತಿಗೆ ದ್ವಾರಕಾದ ಅಧಿಕಾರಿಗಳು ಬಂದರು. ಮೊಣಕಾಲನ್ನು ನೀವಿಕೊಳ್ಳುತ್ತ, ಕಿಟಕಿ ಪಕ್ಕ ಉಳಿದಿದ್ದ ಒಂದೇ ಕುರ್ಚಿಯ ಕಡೆ ಕೈತೋರಿಸಿದರು. "ಭಯ್ಯಾ, ವೋ ಸೀಟ್ ದೇ ದೋ."

ನಾನು ಉತ್ತರಿಸುವ ಮೊದಲೇ ಆಂಟಿ ತಿರುಗಿ, ಬೆರಳೆತ್ತಿ, ನಿಯಮ ತಿಳಿಸಿದರು: "ಸಾರ್, ಕನ್ನಡ!"

ಅಧಿಕಾರಿಗಳು ಕೆಂಪಗಾದರು. "ಏನಮ್ಮಾ ಇದು! ನಾನು ಕನ್ನಡದವನೇ!"

ಭಾನುವಾರಗಟ್ಟಲೆ ಸಾಲಿನಲ್ಲಿ ನಿಂತು ಮಾವನ ಬಾಯಿಂದಲೂ ನನ್ನ ಬಾಯಿಂದಲೂ ಕೇಳಿ ಕೇಳಿ, ಆಂಟಿಗೆ ಯಾರೂ ಕಲಿಸದೆಯೇ ಬಂದಿದ್ದ ಕನ್ನಡ ವಾಕ್ಯವೊಂದಿತ್ತು. ಅದನ್ನು ಅವರು ಒಂದಕ್ಷರವೂ ತಪ್ಪದಂತೆ ನುಡಿದರು:

"ಎಲ್ಲರೂ ಹಾಗೇ ಹೇಳ್ತಾರೆ. ಸಾಲಿನಲ್ಲಿ ಬನ್ನಿ."