ಕಿರುಬೆರಳಿಗೆ ಮುತ್ತು, ಉಂಗುರದ ಬೆರಳಿಗೆ ಹವಳ

ನನ್ನ ಮನಸ್ಸಿಗೆ ಒಂದು ಕಡೆ ಕೂರುವ ಅಭ್ಯಾಸವಿಲ್ಲ. ಹಾಲು ಉಕ್ಕುವ ಮೊದಲೇ ಉಕ್ಕಿತೆಂದು ಓಡುತ್ತೇನೆ. ಬೀಗ ಹಾಕಿ ಮೆಟ್ಟಿಲಿಳಿದ ಮೇಲೆ ಮತ್ತೆ ಹತ್ತಿ ಹೋಗಿ ಎಳೆದು ನೋಡುತ್ತೇನೆ. ಇಂಥವನಿಗೆ ಕಳೆದ ತಿಂಗಳು ನಿಜವಾದ ಕಾರಣವೇ ಸಿಕ್ಕಿಬಿಟ್ಟಿತು. ಕೆ.ಆರ್. ಪುರದಲ್ಲಿರುವ ತಂಗಿ ಗಿರಿಜೆಗೆ ಆಪರೇಷನ್ ಎಂದು ನೆಂಟರೊಬ್ಬರಿಂದ ತಿಳಿಯಿತು. ಅವಳಿಂದಲೇ ತಿಳಿಯುವಂತಿರಲಿಲ್ಲ, ಏಕೆಂದರೆ ನಾವು ಮಾತು ಬಿಟ್ಟು ಎಂಟು ತಿಂಗಳಾಗಿತ್ತು. ಅವಳ ಹೊಸ ಫ್ಲ್ಯಾಟಿನ ಗೃಹಪ್ರವೇಶದ ದಿನ, ತುಂಬಿದ ಜನರ ನಡುವೆ, ಈ ಅಡುಗೆಮನೆಯಲ್ಲಿ ದೋಸೆ ಮಗುಚಬೇಕಾದರೆ ಹೊರಗೆ ಬರಬೇಕು ಎಂದಿದ್ದೆ. ಎಲ್ಲರೂ ನಕ್ಕರು, ಅವಳೊಬ್ಬಳು ನಗಲಿಲ್ಲ.

ಫೋನ್ ಮಾಡಬೇಕು, ಕೈ ಬರುವುದಿಲ್ಲ. ಹಲಸೂರಿನ ನಮ್ಮ ಮನೆಯ ನಡುಕೋಣೆಯಲ್ಲಿ ಅತ್ತಿಂದಿತ್ತ ತಿರುಗುವ ನನ್ನನ್ನು ನೋಡಿ ನೋಡಿ ಹೆಂಡತಿ ಸರೋಜ, "ನಿಮ್ಮ ಜಾತಕದಲ್ಲಿ ಚಂದ್ರ ಸರಿಯಿಲ್ಲ ರೀ. ಒಂದು ಮುತ್ತು ಹಾಕ್ಕೊಳ್ಳಿ, ಮನಸ್ಸು ತಣ್ಣಗಾಗುತ್ತೆ" ಎಂದಳು. ಮಹದೇವಪುರದ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಗದಗಿನ ಬಸವರಾಜ ಇದನ್ನು ಒಪ್ಪಲಿಲ್ಲ. "ತಣ್ಣಗಾಗಿ ಏನ್ ಮಾಡ್ತೀರಿ ಸರ? ನಿಮಗ ಬೇಕಾಗಿದ್ದು ಧೈರ್ಯ. ಹವಳ ಹಾಕ್ರಿ. ಮಂಗಳ ಬೆನ್ನಿಗೆ ನಿಂತ್ರ ಯಾರ ಮುಂದೂ ಮಾತು ಬರ್ತದ."

ಇಬ್ಬರನ್ನೂ ನಂಬುವುದು ನನ್ನ ಸ್ವಭಾವ. ಶನಿವಾರ ಶಿವಾಜಿನಗರದ ಹರಳಿನ ಅಂಗಡಿಗೆ ಹೋದೆ. ಗಡ್ಡ ನೆರೆತ ಸಾಹೇಬರು ಕಪ್ಪು ಬಟ್ಟೆಯ ಮೇಲೆ ಎರಡು ಉಂಗುರ ಇಟ್ಟು, "ಎರಡೂ ಸಮುದ್ರದ್ದೇ ಸಾರ್, ಅಸಲಿಗೆ ಎರಡೂ ಕಲ್ಲೇ ಅಲ್ಲ. ಮುತ್ತು ಚಿಪ್ಪಿನಲ್ಲಿ ಆಗ್ತದೆ, ಹವಳ ಹುಳ ಕಟ್ಟೋ ಗೂಡು. ಎರಡೂ ನಾಜೂಕು, ಸೆಂಟು, ಸೋಪು ತಾಗಿಸ್ಬೇಡಿ" ಎಂದರು. ಮುತ್ತು ಚಂದ್ರನದಂತೆ, ತಂಪಂತೆ. ಬೆಳ್ಳಿಯಲ್ಲಿ ಕಟ್ಟಿಸಿ ಸೋಮವಾರ ಕಿರುಬೆರಳಿಗೆ ಹಾಕಬೇಕಂತೆ. ಹವಳ ಕುಜನದು, ಉಷ್ಣ. ಅದಕ್ಕೆ ತಾಮ್ರ, ಮಂಗಳವಾರ, ಉಂಗುರದ ಬೆರಳು. ಎರಡರಲ್ಲಿ ಯಾವುದು ಒಳ್ಳೆಯದೆಂದು ಕೇಳಿದೆ. "ನಿಮ್ಗೆ ತೊಂದ್ರೆ ಏನು?" ಎಂದರು. ಹೇಳಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, "ತಂಗಿ ಇದೇ ಊರಲ್ಲಿದಾರಾ?" ಎಂದರು. ನಾನು ಬೇರೆ ಮಾತೆತ್ತಿ ಎರಡನ್ನೂ ಕೊಂಡೆ.

ಸೋಮವಾರ ಮುತ್ತು ಧರಿಸಿದೆ. ಮನಸ್ಸು ನಿಜಕ್ಕೂ ತಣ್ಣಗಾಯಿತು. ಎಷ್ಟು ತಣ್ಣಗೆಂದರೆ, ಬೇಕಾದರೆ ಅವಳೇ ಮಾಡಲಿ ಎಂದು ಫೋನು ಬದಿಗಿಟ್ಟು ಆಫೀಸಿನಲ್ಲೇ ತೂಕಡಿಸಿದೆ. ಮಂಗಳವಾರ ಹವಳವೂ ಏರಿತು, ಧೈರ್ಯವೂ ಬಂತು. ಅದನ್ನೆಲ್ಲ ಬೆಳಗ್ಗೆಯೇ ಉಪ್ಪಿಟ್ಟಿಗೆ ಉಪ್ಪು ಸಾಲದೆಂದು ಸರೋಜಳ ಮೇಲೆ, ಆಮೇಲೆ ಆಟೋದವನ ಮೇಲೆ ಸುರಿದುಬಿಟ್ಟೆ. ಸಂಜೆ ತಂಗಿಗೆಂದು ಏನೂ ಉಳಿದಿರಲಿಲ್ಲ. ಬುಧವಾರ ಆಪರೇಷನ್ ಆಯಿತು, ಶುಕ್ರವಾರ ಮನೆಗೆ ಬಂದಳು. ಎರಡು ಸುದ್ದಿಯೂ ನೆಂಟರಿಂದಲೇ ಬಂದವು. ನನ್ನ ತಂಗಿ ಚೆನ್ನಾಗಿದ್ದಾಳೆಂದು ನನಗೆ ಇನ್ಯಾರೋ ಹೇಳಬೇಕಾಯಿತಲ್ಲ ಎನ್ನಿಸಿತು. ಮರುದಿನ ಒಂದು ಚೀಲ ಮೋಸಂಬಿ ಹಿಡಿದು ಅವಳ ಮನೆ ಕಡೆಯ ಟಿನ್ ಫ್ಯಾಕ್ಟರಿ ಸ್ಟಾಪಿಗೆ ಹೋಗುವ ಬಸ್ಸು ಹತ್ತಿದೆ.

ಬಾಗಿಲು ತೆರೆದವಳು ಗಿರಿಜೆಯೇ. ಇಳಿದುಹೋಗಿದ್ದಳು; ಒಂದು ಕೈ ಹೊಟ್ಟೆಯ ಮೇಲಿತ್ತು. ಮೋಸಂಬಿಯ ಚೀಲ ಮುಂದೆ ಚಾಚಿದೆ. ಅವಳ ಕಣ್ಣು ನನ್ನ ಬೆರಳುಗಳ ಮೇಲೆ ಬಿತ್ತು.

"ಇದೇನಣ್ಣ ಇದು?"

"ನಿನಗೆ ಫೋನ್ ಮಾಡೋಕೆ ಧೈರ್ಯ ಬರ್ಲಿ ಅಂತ..."

"ಅಯ್ಯೋ, ಡಾಕ್ಟ್ರು ನನ್ನ ಪಿತ್ತಕೋಶದಿಂದ ಕಲ್ಲು ತೆಗೆದು ಕಳಿಸಿದ್ರೆ, ನೀನು ಎರಡು ಹಾಕ್ಕೊಂಡ್ ಬಂದಿದೀಯಲ್ಲ!" ಎಂದು ನಗತೊಡಗಿದಳು. "ನಗಿಸ್ಬೇಡ, ಹೊಲಿಗೆ ಎಳೆಯುತ್ತೆ" ಎನ್ನುತ್ತಲೇ ಗೋಡೆ ಹಿಡಿದು ನಕ್ಕಳು.

"ಅವತ್ತು ನಾನು ಹಾಗನ್ನಬಾರ್ದಿತ್ತು, ಗಿರಿಜಾ."

ಅವಳು ಕಣ್ಣೊರೆಸಿಕೊಂಡಳು. "ಹೋಗು, ಅದೇ ಅಡುಗೆಮನೇಲಿ ನಿಂತ್ಕೊಂಡು ಇಬ್ಬರಿಗೂ ಕಾಫಿ ಮಾಡ್ಕೊಂಡ್ ಬಾ."

ಮುತ್ತಿನ ಮಹಿಮೆ ಎಂದು ಸರೋಜ ಹೇಳಿದಳು, ಹವಳದ್ದೆಂದು ಬಸವರಾಜ; ಇಬ್ಬರಿಗೂ ಹೌದೆಂದೆ. ಬಸವರಾಜ ಸುದ್ದಿಯನ್ನು ಆಫೀಸಿಗೆಲ್ಲ ಹಂಚಿದ. ಮೊನ್ನೆ ಮೇಲಿನ ಮಹಡಿಯ ಹುಡುಗಿಯೊಬ್ಬಳು ಬಂದು, "ಸರ್, ನಮ್ಮತ್ತೆ ಹತ್ರ ಒಂದು ವಿಷಯ ಮಾತಾಡ್ಬೇಕು, ಯಾವ ಕಲ್ಲು ಹಾಕ್ಲಿ?" ಎಂದಳು. ನೇರವಾಗಿ ಹೋಗಿ ಮಾತಾಡಮ್ಮ ಎನ್ನಲು ಬಾಯಿ ತೆರೆದೆ. ಆದರೆ ಅವಳು ನನ್ನನ್ನು ಎಷ್ಟು ಭಕ್ತಿಯಿಂದ ನೋಡುತ್ತಿದ್ದಳೆಂದರೆ, ಕುರ್ಚಿಯಲ್ಲಿ ನೆಟ್ಟಗೆ ಕೂತು, ದನಿ ತಗ್ಗಿಸಿ, "ನಿಮ್ಮ ರಾಶಿ ಯಾವುದಮ್ಮಾ?" ಎಂದು ಕೇಳಿಬಿಟ್ಟೆ.